ಅಗರ್ಕರ್ ಕಸಿದುಕೊಂಡ ಕೊರಗು

ಭಾರತದ ಟೆಸ್ಟ್ ತಂಡವನ್ನು ಮುಂಬಯಿಯಲ್ಲಿ ಆರಿಸುತ್ತಾರೆಂದು ಪೇಪರಿನವರು ಬರೆಯುತ್ತಾರೆ. ಬರೆಯಲಿ ಪಾಪ, ಅವರ ಹೊಟ್ಟೆಪಾಡು. ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಚಾ ಕುಡಿಯುವವರಿಗೆ ನಿಜ ಗೊತ್ತಿದೆ. ತಂಡ ಆಗುವುದು ಇಲ್ಲೇ. ಮುಂಬಯಿಯಲ್ಲಿ ಅದನ್ನು ಕೆಡಿಸುತ್ತಾರೆ, ಅಷ್ಟೆ.

ಊರು ಸಣ್ಣದಾದರೂ ಜಾಗ ಆಯಕಟ್ಟಿನದು. ಶಿಕಾರಿಪುರ, ಸೊರಬ, ಆನವಟ್ಟಿ, ಹಿರೇಕೆರೂರು, ಯಾವ ದಿಕ್ಕಿನಿಂದ ಬಂದ ಬಸ್ಸೂ ಇಲ್ಲಿ ನಿಲ್ಲಬೇಕು. ನಿಂತ ಬಸ್ಸಿನಿಂದ ಇಳಿದವರು ಚಾ ಕುಡಿಯಬೇಕು. ಚಾ ಕುಡಿದವರು ಓಪನಿಂಗ್ ಯಾರು ಹೋಗಬೇಕೆಂದು ಹೇಳದೆ ಮುಂದಿನ ಬಸ್ಸು ಹತ್ತುವಂತಿಲ್ಲ. ಹೀಗಾಗಿ ನಾಲ್ಕು ದಿಕ್ಕಿನ ಅಭಿಪ್ರಾಯ ನಮ್ಮ ಹೋಟೆಲಿನಲ್ಲಿ ಜಮೆಯಾಗುತ್ತದೆ. ಕ್ರಿಕೆಟ್ ಮಂಡಳಿಯವರು ವಲಯಕ್ಕೊಬ್ಬರಂತೆ ಐದು ಜನರ ಸಮಿತಿ ಮಾಡುತ್ತಿದ್ದ ಸಂಪ್ರದಾಯವಿದೆಯಲ್ಲ, ನಮ್ಮಲ್ಲೂ ಕಾಯಂ ಸದಸ್ಯರು ಐದೇ. ನಿವೃತ್ತ ಮೇಷ್ಟ್ರು, ಅಡಿಕೆ ಸಾವ್ಕಾರ್ರು, ಬಟ್ಟೆ ಅಂಗಡಿ ಭಾಯಿ, ಮೊಬೈಲ್ ರಿಪೇರಿ ಹುಡುಗ, ಬಸ್ ಕಂಡಕ್ಟರ್. ಉಳಿದ ನಾವೆಲ್ಲ ವಿಶೇಷ ಆಹ್ವಾನಿತರು, ಅಂದರೆ ಬೈಟು ಚಾದ ಇನ್ನರ್ಧಕ್ಕೆ ಕಾಯುವವರು.

ಕಾಸ್ಟಿಂಗ್ ವೋಟು ಮಾತ್ರ ಹೋಟೆಲ್ ಯಜಮಾನರದು. 1971ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಮುಂಚೆ ವಿಜಯ್ ಮರ್ಚಂಟ್ ಅಧ್ಯಕ್ಷರ ಓಟು ಹಾಕಿ ಪಟೌಡಿಯನ್ನು ಇಳಿಸಿ ವಾಡೇಕರರನ್ನು ನಾಯಕನ ಕುರ್ಚಿಯಲ್ಲಿ ಕೂರಿಸಿದರಂತೆ. ನಮ್ಮ ಯಜಮಾನರು ಓಟು ಗೀಟು ಅನ್ನುವವರಲ್ಲ. ಗಲ್ಲೆ ಡ್ರಾಯರಿನಿಂದ ಬಾಕಿ ಪುಸ್ತಕ ತೆಗೆದು ಎರಡು ಹಾಳೆ ಮಗುಚುತ್ತಾರೆ. ಸಭೆ ಬರಖಾಸ್ತು.

ಈ ಅಧ್ಯಕ್ಷಗಿರಿ ನಮಗೆ ಹೊಸದಲ್ಲ ಅನ್ನುವುದು ಮೇಷ್ಟ್ರ ವಾದ. ಬಳ್ಳಿಗಾವಿ ಇಲ್ಲೇ ಪಕ್ಕದಲ್ಲಿದೆ. ಅಲ್ಲಿಯ ಅಲ್ಲಮ ಹೋಗಿ ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನದ ಮೇಲೆ ಕೂತ. ಅಷ್ಟೊಂದು ಜನ ವಾದ ಮಾಡುವಾಗ ಮೇಲೆ ಕೂತು ತೀರ್ಪು ಹೇಳಲು ನಮ್ಮ ಸೀಮೆಯವನೇ ಬೇಕಾಯಿತಲ್ಲ! ಇನ್ನು ತಾಳಗುಂದದ ಮಯೂರಶರ್ಮನ ಕಥೆಯಂತೂ ಮೇಷ್ಟ್ರಿಗೆ ಪೂರ್ತಿ ಕ್ರಿಕೆಟ್ಟಿನದೇ. ಓದಲೆಂದು ಕಂಚಿಯ ಘಟಿಕೆಗೆ ಹೋದ ಹುಡುಗ, ಅಲ್ಲಿ ಪಲ್ಲವರ ಕಡೆಯವನೊಬ್ಬನಿಂದ ಅವಮಾನವಾಯಿತು, ವಾಪಸು ಬಂದು ಬನವಾಸಿಯಲ್ಲಿ ರಾಜ್ಯವನ್ನೇ ಕಟ್ಟಿದ. “ಹೊರಗಿನ ಪ್ರವಾಸದಲ್ಲಿ ಅನ್ಯಾಯ ಆದ್ರೆ ಸ್ವಂತ ಟೀಮ್ ಮಾಡಿದ ಮೊದಲನೇ ಕನ್ನಡಿಗ ಅವನು. ಶಾಸನದಲ್ಲೇ ಕೆತ್ತಿಟ್ಟಿದಾರೆ, ಹೋಗಿ ನೋಡು” ಎಂದು ಮೊಬೈಲ್ ಹುಡುಗನಿಗೆ ತಾಕೀತು ಮಾಡುತ್ತಾರೆ. ಹುಡುಗ ಆ ಶಾಸನವನ್ನು ಇಲ್ಲಿಯವರೆಗೂ ನೋಡಿಲ್ಲ. ಇಷ್ಟು ಹತ್ತಿರ ಇರುವುದನ್ನು ನೋಡಲು ಯಾರು ಹೋಗುತ್ತಾರೆ?

ತಂಡ ಆರಿಸುವಾಗ ಒಬ್ಬೊಬ್ಬರ ಕಸುಬು ಒಬ್ಬೊಬ್ಬರ ಬಾಯಲ್ಲಿ ಬರುತ್ತದೆ. ಸಾವ್ಕಾರ್ರು ಬೌಲರುಗಳನ್ನು ಅಡಿಕೆ ಮಂಡಿಯ ದರ್ಜೆಯ ಲೆಕ್ಕದಲ್ಲಿ, ಮೇಲಿನಿಂದ ಕೆಳಕ್ಕೆ ವಿಂಗಡಿಸಿ ಬಿಟ್ಟಿದ್ದಾರೆ. ಬುಮ್ರಾ ಸರಕು. ಸಿರಾಜ್ ಬೆಟ್ಟೆ. ಪ್ರಸಿದ್ಧ ಕೃಷ್ಣ ರಾಶಿ. ಶಾರ್ದೂಲ್ ಠಾಕೂರ್ ಗೊರಬಲು. “ಗೊರಬಲಿಗೂ ಗಿರಾಕಿ ಇರ್ತಾರೆ, ಇಲ್ಲ ಅನ್ನಲ್ಲ. ಹಂಗಂತ ಇಂಗ್ಲೆಂಡಿಗೆ ಕಳಿಸೋ ಚೀಲಕ್ಕೆ ಅದನ್ನ ತುಂಬ್ತಾರೇನ್ರೀ?” ಭಾಯಿಗೆ ಕುಲದೀಪ್ ಯಾದವ್ ಒಬ್ಬನಿದ್ದರೆ ಸಾಕು, ಉಳಿದ ಹತ್ತು ಜನ ಯಾರಾದರೂ ಆಗಬಹುದು. ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಎಡಗೈಯಲ್ಲಿ ತಿರುಗಿಸುತ್ತಿದ್ದವರು ಅವರು, ಜಾತಿಪ್ರೀತಿ ಅಂದರೆ ಅದು. ಹುಡುಗನ ಕೈಯಲ್ಲಿ ಸದಾ ಯಾರದೋ ಮೊಬೈಲು ಬಿಚ್ಚಿಕೊಂಡಿರುತ್ತದೆ, ತನ್ನ ಮೊಬೈಲಿನಲ್ಲಿ ಸ್ಕೋರು. ಸರಾಸರಿ, ಸ್ಟ್ರೈಕ್ ರೇಟು ಅವನ ಖಾತೆ. ಕಂಡಕ್ಟರದು ಸ್ವಂತ ಅಭಿಪ್ರಾಯವೇ ಅಲ್ಲ. “ಆನವಟ್ಟಿಯೋರು ಅರ್ಷದೀಪ್ ಬೇಕು ಅಂತಾರೆ. ಸೊರಬದೋರು ಒಪ್ಪಲ್ಲ. ಹಿರೇಕೆರೂರಿನ ಒಬ್ಬ ಇಳಿಯೋವಾಗ ಸರ್ಫರಾಜ್ ಅಂದ, ಚಿಲ್ರೆ ಬಿಟ್ಟು ಹೋದ.” ಓಟಿನ ಪೆಟ್ಟಿಗೆ ತಂದು ಸುರಿದಷ್ಟೇ ನಿರ್ಲಿಪ್ತವಾಗಿ ಹೇಳಿ ಹೊರಡುತ್ತಾರೆ.

ಇಷ್ಟೆಲ್ಲ ಭಿನ್ನಮತದ ನಡುವೆ ನಮ್ಮನ್ನು ಎಂಟು ವರ್ಷ ಒಗ್ಗಟ್ಟಾಗಿ ಹಿಡಿದಿಟ್ಟವನು ಒಬ್ಬನೇ. ಕರುಣ್ ನಾಯರ್.

ಯಾಕೆಂದರೆ ಶಿರಾಳಕೊಪ್ಪಕ್ಕೆ ತಂಡದಲ್ಲಿ ಇರುವವನ ಬಗ್ಗೆ ಅಂಥ ಆಸ್ಥೆಯಿಲ್ಲ. ಅವನಿಗೇನು, ಇದ್ದಾನೆ, ಆಡುತ್ತಾನೆ. ನಮ್ಮ ಪ್ರೀತಿಯೆಲ್ಲ ಬಿಟ್ಟುಹೋದವನ ಮೇಲೆ. ಮೇಷ್ಟ್ರ ಬಳಿ ಇದರ ಇಡೀ ವಂಶಾವಳಿ ಇದೆ. 1971ರಲ್ಲಿ ಚಂದ್ರಶೇಖರರನ್ನು ವೆಸ್ಟ್ ಇಂಡೀಸಿಗೆ ಕರೆದೊಯ್ಯಲಿಲ್ಲ. ಮುಂದೆ ಅದೇ ವರ್ಷ ಇಂಗ್ಲೆಂಡಿಗೆ ಕರೆದೊಯ್ದರೆ ಓವಲ್ಲಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಸರಣಿಯನ್ನೇ ತಂದುಕೊಟ್ಟರು. ಗೆದ್ದ ದಿನ ಗಣೇಶ ಚೌತಿ, ಮೈದಾನಕ್ಕೆ ಬೆಲ್ಲಾ ಅನ್ನುವ ಆನೆಯನ್ನೂ ಕರೆತಂದಿದ್ದರು ಅನ್ನುವಾಗ ಮೇಷ್ಟ್ರ ಮುಖ ನೋಡಬೇಕು, ಆನೆಯ ಸೊಂಡಿಲು ತಾವೇ ಸವರಿ ಬಂದಂತೆ. 1979ರಲ್ಲಿ ಕಿರ್ಮಾನಿಯನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಆ ಗಾಯ ಮೇಷ್ಟ್ರಿಗೆ ಇನ್ನೂ ಹಸಿ. ವಿಶ್ವನಾಥ್ ಬಗ್ಗೆ ಮಾತ್ರ ದೂರಿಲ್ಲ. ಭದ್ರಾವತಿಯಲ್ಲಿ ಹುಟ್ಟಿದವರು, ನಮ್ಮ ಜಿಲ್ಲೆಯವರು, 91 ಟೆಸ್ಟ್ ಆಡಿದರು, ಮುಂದೆ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ದೂರಿಗೆ ಆಸ್ಪದವೇ ಇಲ್ಲದಿರುವುದರಿಂದ ಅವರ ಹೆಸರು ನಮ್ಮ ಹೋಟೆಲಿನಲ್ಲಿ ಗೌರವದಿಂದ ಬರುತ್ತದೆ, ಬಿಸಿಯಿಂದ ಬರುವುದಿಲ್ಲ.

ಕರುಣ್ ನಾಯರ್ ಬಿಸಿಯ ವಿಷಯ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ಮೇಲೆ ಅಜೇಯ 303. ಅದು ಅವನ ಮೂರನೇ ಟೆಸ್ಟ್. ಅದೇ ಇನಿಂಗ್ಸಿನಲ್ಲಿ ರಾಹುಲ್ 199ಕ್ಕೆ ಔಟಾಗಿ ಊರಿಗೆಲ್ಲ ಹೊಟ್ಟೆ ಉರಿಸಿದ್ದ, ಇವನು ಆ ಉರಿಯನ್ನೂ ಆರಿಸಿದ. ಸೆಹ್ವಾಗ್ ಬಿಟ್ಟರೆ ಭಾರತದ ಪರ ಟೆಸ್ಟಿನಲ್ಲಿ ಮುನ್ನೂರು ಹೊಡೆದವನು ಇವನೊಬ್ಬನೇ. ಮುಂದಿನ ಟೆಸ್ಟ್ ಹೈದರಾಬಾದಿನಲ್ಲಿ, ಬಾಂಗ್ಲಾದ ಮೇಲೆ. ಗಾಯದಿಂದ ಎದ್ದು ರಹಾನೆ ಬಂದ, ಇವನು ಹೊರಗೆ. ಆಮೇಲೆ ಆಸ್ಟ್ರೇಲಿಯಾದ ಮೇಲೆ ಮೂರು ಪಂದ್ಯ, ಅಲ್ಲಿಗೆ ಬಾಗಿಲು ಮುಚ್ಚಿತು. 2018ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದು ಒಂದು ಪಂದ್ಯವನ್ನೂ ಆಡಿಸಲಿಲ್ಲ. ಕೊನೆಯ ಟೆಸ್ಟಿಗೆ, ನಡುವೆ ವಿಮಾನ ಹತ್ತಿ ಬಂದ ವಿಹಾರಿಗೆ ಟೋಪಿ ಕೊಟ್ಟರು. ಮದುವೆಗೆ ಮೊದಲೇ ಬಂದು ಚಪ್ಪರ ಕಟ್ಟಿಸಿದವನನ್ನು ಪಂಕ್ತಿಯಿಂದ ಎಬ್ಬಿಸಿದಂತೆ ನಮಗೆ.

ಈ ಕೊರಗಿನ ಸೊಗಸು ಎಲ್ಲಿದೆ ನೋಡಿ. ಹೈದರಾಬಾದಿನಲ್ಲಿ ಅವನನ್ನು ಕೂರಿಸಿದಾಗ ಕೋಚ್ ಯಾರು? ಅನಿಲ್ ಕುಂಬ್ಳೆ. 2020ರಲ್ಲಿ ಆಯ್ಕೆ ಸಮಿತಿಗೆ ಅಧ್ಯಕ್ಷರಾದವರು ಯಾರು? ಗದಗಿನ ಸುನಿಲ್ ಜೋಶಿ. 2021ರಿಂದ ಕೋಚ್ ಯಾರು? ರಾಹುಲ್ ದ್ರಾವಿಡ್. 2022ರಲ್ಲಿ ಮಂಡಳಿಗೇ ಅಧ್ಯಕ್ಷರಾದವರು? ರೋಜರ್ ಬಿನ್ನಿ. ಮನೆ ತುಂಬ ಕನ್ನಡಿಗರು, ಅಂಗಳದಲ್ಲಿ ಕರುಣ್. ಮುಂಬಯಿಯವರನ್ನು ಬೈದರೆ ನಾಲಿಗೆಗೆ ಅಂಥ ರುಚಿ ಹತ್ತುವುದಿಲ್ಲ, ಅದು ಎಲ್ಲರೂ ಮಾಡುವ ಕೆಲಸ. ಸ್ವಂತದವರನ್ನು ಬೈಯುವ ಅವಕಾಶ ಹೀಗೆ ಸಾಲುಸಾಲಾಗಿ ಸಿಗುವುದು ಅಪರೂಪ. ಸಾಲದ್ದಕ್ಕೆ ಕರ್ನಾಟಕದ ತಂಡದಲ್ಲೂ ಜಾಗ ಹೋಯಿತು. ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಎಂದು ಅವನು 2022ರ ಡಿಸೆಂಬರಿನಲ್ಲಿ ಬರೆದುಕೊಂಡಾಗ ಭಾಯಿ ಆ ಸಾಲನ್ನು ಮೊಬೈಲಿನಲ್ಲಿ ತೋರಿಸುತ್ತ ಅಂಗಡಿ ಅಂಗಡಿ ತಿರುಗಿದರು. ಮರುವರ್ಷ ಅವನು ವಿದರ್ಭಕ್ಕೆ ಹೋದ. ತವರು ಬಿಟ್ಟ ಮೇಲೆ ಕೇಳಬೇಕೆ, ಕೊರಗಿಗೆ ಎರಡು ಕೋಡು ಮೂಡಿತು.

2025ರ ಜನವರಿಯಲ್ಲಿ ಇದು ತಾರಕಕ್ಕೇರಿತು. ವಿಜಯ್ ಹಜಾರೆ ಟ್ರೋಫಿಯಲ್ಲಿ ಕರುಣ್ 779 ರನ್, ಔಟಾದದ್ದು ಎರಡೇ ಸಲ, ಸರಾಸರಿ 389.50. ಹುಡುಗ ಈ ಸಂಖ್ಯೆ ಓದಿದಾಗ ಸಾವ್ಕಾರ್ರು “ಅದು ಕ್ವಿಂಟಾಲಿಗೋ ಮಣಕ್ಕೋ?” ಎಂದರು. ಫೈನಲ್ಲಿನಲ್ಲಿ ವಿದರ್ಭದ ಎದುರು ಯಾರು? ಕರ್ನಾಟಕ! ಹೋಟೆಲು ಆವತ್ತು ಎರಡು ಹೋಳು. ಕಪ್ಪು ನಮಗೆ ಬರಲಿ, ಸೆಂಚುರಿ ಅವನಿಗೆ ಬರಲಿ ಎಂಬ ರಾಜಿಸೂತ್ರವನ್ನು ಮೇಷ್ಟ್ರು ಮುಂದಿಟ್ಟರು. ಅರ್ಧ ಫಲಿಸಿತು. ಕಪ್ಪು ಬಂತು. ಕರುಣ್ 27ಕ್ಕೆ ಬೌಲ್ಡ್. ಹಾಕಿದವನು ನಮ್ಮ ಪ್ರಸಿದ್ಧ ಕೃಷ್ಣ. ಕೂಗಬೇಕೋ ಅಳಬೇಕೋ ತಿಳಿಯದೆ ಒಂದು ಗಳಿಗೆ ಎಲ್ಲರೂ ಮಿರ್ಚಿ ತಿಂದೆವು.

ಮೇ 7ರಂದು ರೋಹಿತ್, 12ರಂದು ಕೊಹ್ಲಿ ಟೆಸ್ಟಿಗೆ ಶರಣು ಹೊಡೆದರು. ಬೇರೆ ಊರುಗಳಲ್ಲಿ ಜನ ಕಣ್ಣೀರು ಹಾಕಿದ್ದಾರೆಂದು ಟಿವಿಯಲ್ಲಿ ತೋರಿಸಿದರು. ನಮ್ಮಲ್ಲಿ ಎರಡು ಜಾಗ ಖಾಲಿಯಾದ ಲೆಕ್ಕ ಮೊದಲು ಹಾಕಿದ್ದು. ಅಲ್ಲಿಂದ ಹನ್ನೆರಡು ದಿನ ಬಸ್ಸು ತಪ್ಪಿಸಿಕೊಂಡವರೆಷ್ಟೋ. ಮೂರನೇ ನಂಬರಿಗೆ ಯಾರು, ನಾಲ್ಕಕ್ಕೆ ಯಾರು, ಬುಮ್ರಾ ನಾಯಕನೋ ಗಿಲ್ಲೋ. ಕರುಣ್‌ನನ್ನು ತೆಗೆದುಕೊಳ್ಳುವುದಿಲ್ಲ ಎಂಬ ವಿಷಯದಲ್ಲಿ ಎಲ್ಲರಿಗೂ ಖಾತ್ರಿಯಿತ್ತು. ತೆಗೆದುಕೊಳ್ಳದಿದ್ದಾಗ ಆಡಬೇಕಾದ ಮಾತುಗಳನ್ನು ಮೇಷ್ಟ್ರು ಆಗಲೇ ಅರ್ಧ ಸಿದ್ಧಪಡಿಸಿದ್ದರು.

ಮೇ 24, ಶನಿವಾರ. ಕೇರಳಕ್ಕೆ ಮುಂಗಾರು ಎಂಟು ದಿನ ಮೊದಲೇ ಬಂತು ಎಂದು ಹವಾಮಾನ ಇಲಾಖೆ ಹೇಳಿದ್ದೂ ಆವತ್ತೇ, ಆಯ್ಕೆ ಸಮಿತಿಯ ಅಧ್ಯಕ್ಷ ಅಗರ್ಕರ್ ಇಂಗ್ಲೆಂಡ್ ಪ್ರವಾಸಕ್ಕೆ ಹದಿನೆಂಟು ಹೆಸರು ಓದಿದ್ದೂ ಆವತ್ತೇ. ನಾಯಕ ಗಿಲ್, ಉಪನಾಯಕ ಪಂತ್. ಜೈಸ್ವಾಲ್, ರಾಹುಲ್, ಸಾಯಿ ಸುದರ್ಶನ್, ಈಶ್ವರನ್, ಕರುಣ್ ನಾಯರ್...

“ಮತ್ತೊಂದ್ಸಲ ಓದು” ಅಂದರು ಮೇಷ್ಟ್ರು. ಹುಡುಗ ಓದಿದ. ಅದೇ ಇತ್ತು.

ಸಂಭ್ರಮವಾಯಿತು ಅಂತ ನೀವು ತಿಳಿದಿದ್ದರೆ ನಿಮಗೆ ನಮ್ಮೂರು ಗೊತ್ತಿಲ್ಲ. ಯಜಮಾನರು ಖುಷಿಗೆ ಒಂದು ಸುತ್ತು ಚಾ ಕೊಟ್ಟರು ನಿಜ. ಕುಡಿದು ಮುಗಿದ ಮೇಲೆ ಏನು ಮಾತಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎಂಟು ವರ್ಷ ಹಾಲೆರೆದು ಸಾಕಿದ ಕೊರಗನ್ನು ಒಬ್ಬ ಮುಂಬಯಿಯವನು ಒಂದು ಪತ್ರಿಕಾಗೋಷ್ಠಿಯಲ್ಲಿ ಕಸಿದುಕೊಂಡಿದ್ದ. ಅದೂ ಕುಂಬ್ಳೆ, ಜೋಶಿ, ದ್ರಾವಿಡ್ ಇದ್ದಾಗ ಆಗದ ನ್ಯಾಯ ಅಗರ್ಕರ್, ಕೋಚ್ ಗಂಭೀರ್ ಕೈಯಲ್ಲಿ! ಬೈಯುವುದಾದರೂ ಯಾರನ್ನು? ಭಾಯಿ ಸುಮ್ಮನೆ ಎದ್ದು ಅಂಗಡಿಗೆ ಹೋದರು. ಕಂಡಕ್ಟರ್ ಬಂದು “ಶಿಕಾರಿಪುರದಲ್ಲೂ ಹಿಂಗೇ ಸಪ್ಪಗಿದಾರ್ರೀ” ಅಂದರು.

ಎರಡು ದಿನ ಹೀಗೇ. ಮೂರನೇ ದಿನದಿಂದ ಬದಲಿ ಕೊರಗಿನ ಹುಡುಕಾಟ ಶುರು. ಶ್ರೇಯಸ್ ಅಯ್ಯರ್ ಇಲ್ಲವಲ್ಲ ಎಂದು ಒಬ್ಬರು ಎತ್ತಿ ನೋಡಿದರು. ಅಯ್ಯರ್ ಮುಂಬಯಿಯವನು, ಅವನಿಗೆ ಅಳಲು ಅಲ್ಲೇ ಬೇಕಷ್ಟು ಜನ ಇದ್ದಾರೆಂದು ಬಿದ್ದುಹೋಯಿತು. ಸರ್ಫರಾಜಿಗೆ ಎರಡು ಓಟು, ಅದರಲ್ಲಿ ಒಂದು ಹಿರೇಕೆರೂರಿನ ಚಿಲ್ಲರೆಯವನದು. ಪಡಿಕ್ಕಲ್ ಹೆಸರು ಬಂತು, ಅವನಿಗೆ ಗಾಯ. ಕಡೆಗೆ ಅಭಿಮನ್ಯು ಈಶ್ವರನ್ ಮೇಲೆ ಕಣ್ಣು ಬಿತ್ತು. ಎಷ್ಟು ಸಲ ತಂಡದ ಜೊತೆ ಹೋಗಿ, ಎಷ್ಟು ಸಲ ಒಂದು ಟೆಸ್ಟೂ ಆಡದೆ ಮರಳಿದ ಪುಣ್ಯಾತ್ಮ! ಕೊರಗಿಗೆ ಹೇಳಿ ಮಾಡಿಸಿದ ಆಸಾಮಿ. ಆದರೆ ಬಂಗಾಲಕ್ಕೆ ಆಡುವವನು. ಬೇರೆ ರಾಜ್ಯದ ಕೊರಗನ್ನು ದತ್ತು ತೆಗೆದುಕೊಳ್ಳಲು ಮೇಷ್ಟ್ರು ಒಪ್ಪಲಿಲ್ಲ.

ಅಷ್ಟರಲ್ಲಿ ಕ್ಯಾಂಟರ್ಬರಿಯಲ್ಲಿ ಇಂಡಿಯಾ ಎ ಪರ ಕರುಣ್ 204 ಹೊಡೆದ. ಸಾವ್ಕಾರ್ರಿಗೆ ಈಗ ನಿಜವಾಗಲೂ ಭಯವಾಯಿತು. “ಹಿಂಗೇ ಹೊಡೀತಾ ಹೋದ್ರೆ ನಾವ್ ಏನ್ ಮಾಡಾದು ಮಾರಾಯ?”

ಕರುಣ್ ನಮ್ಮ ಕೈ ಬಿಡಲಿಲ್ಲ. ಜೂನ್ 20ಕ್ಕೆ ಲೀಡ್ಸಿನಲ್ಲಿ ಶುರುವಾದ ಟೆಸ್ಟಿನ ಮೊದಲ ಇನಿಂಗ್ಸು: ಸೊನ್ನೆ. ಇಂಗ್ಲೆಂಡಿನ ಪೋಪ್ ಗಾಳಿಯಲ್ಲಿ ಹಾರಿ ಹಿಡಿದ ಕ್ಯಾಚು. ಮೇಷ್ಟ್ರು ತಟ್ಟನೆ 1969ರ ಕಾನ್ಪುರಕ್ಕೆ ಹೋದರು. “ವಿಶ್ವನಾಥ್ ಮೊದಲ ಟೆಸ್ಟು, ಮೊದಲ ಇನಿಂಗ್ಸು ಸೊನ್ನೆ. ಎರಡನೇದರಲ್ಲಿ ಎಷ್ಟು? 137! ತಡ್ಕೊಳ್ರೀ.” ತಡೆದುಕೊಂಡೆವು. 20 ಹೊಡೆದ. ಭಾರತ ಐದು ಸೆಂಚುರಿ ಹೊಡೆದೂ ಆ ಪಂದ್ಯ ಸೋತಿತು, ಮತ್ತು ಆ ಐದರಲ್ಲಿ ಒಂದು ರಾಹುಲನದು. ರಾಹುಲ್ ಇಡೀ ಸರಣಿಯಲ್ಲಿ 532 ರನ್ ಹೊಡೆದ. ಅವನ ಬಗ್ಗೆ ಹೋಟೆಲಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಮಾತಾದದ್ದು ನನಗೆ ನೆನಪಿಲ್ಲ. ಇರುವವನು, ಆಡುವವನು. ಬಿಡಿ.

ಎಜ್‌ಬಾಸ್ಟನ್‌ನಲ್ಲಿ 336 ರನ್ನಿನ ಗೆಲುವು, ಲಾರ್ಡ್ಸಿನಲ್ಲಿ 22 ರನ್ನಿನ ಸೋಲು. ಮ್ಯಾಂಚೆಸ್ಟರಿಗೆ ಕರುಣ್‌ನನ್ನು ಕೂರಿಸಿದರು, ಹೋಟೆಲಿಗೆ ಕಳೆ ಬಂತು. ಭಾಯಿಯದು ಬೇರೆ ಲೋಕ. ಐದು ಟೆಸ್ಟಿನಲ್ಲಿ ಕುಲದೀಪನನ್ನು ಒಂದರಲ್ಲೂ ಇಳಿಸಲಿಲ್ಲ, ಹೀಗಾಗಿ ಅವರು ಒಬ್ಬರೇ ಮೊದಲಿನಿಂದ ಕೊನೆಯವರೆಗೆ ಸುಖವಾಗಿದ್ದರು. ಬುಮ್ರಾಗೆ ಬೆನ್ನಿನ ಕಾರಣಕ್ಕೆ ಮೂರೇ ಟೆಸ್ಟು. ಸರಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ರೇಟು ಬರುವುದು ಯಾವಾಗ ಎಂದು ಸಾವ್ಕಾರ್ರು ಸಿಡಿಮಿಡಿಗೊಂಡರು.

ಓವಲ್ ಟೆಸ್ಟಿಗೆ ಕರುಣ್ ಮರಳಿದ. ಮೊದಲ ಇನಿಂಗ್ಸಿನಲ್ಲಿ ಭಾರತ 224, ಅದರಲ್ಲಿ ಐವತ್ತು ದಾಟಿದವನು ಅವನೊಬ್ಬನೇ, 57. ಆದರೆ ನಮ್ಮ ಚರ್ಚೆ ಆ 57ರ ಬಗ್ಗೆ ನಡೆಯಲಿಲ್ಲ, ಅವನು ಓಡದೇ ಬಿಟ್ಟ ಒಂದು ರನ್ನಿನ ಬಗ್ಗೆ ನಡೆಯಿತು. ಇವನು ಹೊಡೆದ ಚೆಂಡಿನ ಹಿಂದೆ ಓಡಿದ ಇಂಗ್ಲೆಂಡಿನ ವೋಕ್ಸ್ ಬೌಂಡರಿಯ ಹತ್ತಿರ ಬಿದ್ದು ಭುಜ ಮುರಿದುಕೊಂಡಂತೆ ನರಳಿದ. ಮೂರು ರನ್ ಆಗಿತ್ತು, ನಾಲ್ಕನೆಯದು ಸಲೀಸಾಗಿತ್ತು, ಕರುಣ್ ಮತ್ತು ಸುಂದರ್ ನಿಂತುಬಿಟ್ಟರು.

“ಓಡಬೇಕಿತ್ತು” ಅಂದರು ಸಾವ್ಕಾರ್ರು. “ಒಂದ್ ಒಂದ್ ರನ್ನಿಗೂ ಬೆಲೆ ಐತಿ.”

“ಬಿದ್ದವನ ಮೇಲೆ ರನ್ ಮಾಡೋದು ಧರ್ಮವೇನ್ರೀ?” ಮೇಷ್ಟ್ರು.

“ತೂಕದಲ್ಲಿ ಧರ್ಮ ಬೇರೆ, ಲಾಭ ಬೇರೆ.”

“ಅದಕ್ಕೇ ನಿಮ್ಮ ತಕ್ಕಡಿ ಹಂಗಿರೋದು” ಎಂದು ಮೂಲೆಯಿಂದ ಯಾರೋ ಅಂದರು. ಅಂದವರು ಯಾರೆಂದು ಇಲ್ಲಿಯವರೆಗೆ ಪತ್ತೆಯಾಗಿಲ್ಲ. ಸಾವ್ಕಾರ್ರು ಎರಡು ದಿನ ಬರಲಿಲ್ಲ. ಅವರಿಲ್ಲದ ಹೊತ್ತಿನಲ್ಲಿ ಸಿರಾಜ್ ಐದು ವಿಕೆಟ್ ಕಿತ್ತ, ಭಾರತ ಆರೇ ಆರು ರನ್ನಿನಿಂದ ಗೆದ್ದಿತು, ಸರಣಿ 2-2. ಅವತ್ತು ಸಾವ್ಕಾರ್ರು ತಾವೇ ಬಂದರು. “ಬೆಟ್ಟೆಗೆ ಸರಕಿನ ರೇಟು ಬಂತಲ್ರೀ!” ಆ ನಾಲ್ಕನೇ ರನ್ನಿನ ವಿಷಯ ಮತ್ತೆ ತೆಗೆದರು. “ಆರು ರನ್ನಿಂದ ಗೆದ್ವಿ, ಓಡಿದ್ರೆ ಏಳಾಗಿರ್ತಿತ್ತು.” ಈ ಗಣಿತಕ್ಕೆ ಯಜಮಾನರು ಬಾಕಿ ಪುಸ್ತಕ ತೆಗೆದರು.

ಕರುಣ್‌ನ ಒಟ್ಟು ಲೆಕ್ಕ ನಾಲ್ಕು ಟೆಸ್ಟಿನಲ್ಲಿ 205 ರನ್. ಸೆಪ್ಟೆಂಬರ್ 25ರಂದು ವೆಸ್ಟ್ ಇಂಡೀಸ್ ಸರಣಿಯ ತಂಡ ಹೊರಬಿತ್ತು. ಕರುಣ್ ಇಲ್ಲ. ಅವನಿಂದ ಇನ್ನೂ ಹೆಚ್ಚು ನಿರೀಕ್ಷಿಸಿದ್ದೆವು ಎಂಬ ಅರ್ಥದ ಮಾತನ್ನು ಅಗರ್ಕರ್ ಹೇಳಿದರು.

ಆಹಾ, ಆವತ್ತಿನ ಹೋಟೆಲು! ಮೇ ತಿಂಗಳಿನಿಂದ ಬಾಡಿದ್ದ ಮುಖಗಳೆಲ್ಲ ಅರಳಿದವು. ಒಂದೇ ಸರಣಿಗೆ ತೆಗೆಯುವುದಾದರೆ ತೆಗೆದುಕೊಂಡದ್ದಾದರೂ ಯಾಕೆ? ಮುನ್ನೂರು ಹೊಡೆದವನಿಗೆ ನಾಲ್ಕು ಪಂದ್ಯವೇ? ಮೇಷ್ಟ್ರು ಮೇನಲ್ಲಿ ಸಿದ್ಧಪಡಿಸಿ ಒಳಗಿಟ್ಟಿದ್ದ ಮಾತುಗಳಿಗೆ ಧೂಳು ಹೊಡೆದು ಈಗ ಆಡಿದರು. ಅಗರ್ಕರ್ ಜಾಣ, ನಮಗೆ ಒಂದರ ಜೊತೆ ಇನ್ನೊಂದನ್ನು ಪುಕ್ಕಟೆ ಕೊಟ್ಟಿದ್ದ. ಕರುಣ್ ಜಾಗಕ್ಕೆ ಬಂದವನು ನಮ್ಮ ಪಡಿಕ್ಕಲ್ಲೇ. ಅವನನ್ನು ತಂಡದಲ್ಲಿಟ್ಟುಕೊಂಡು ಅಹಮದಾಬಾದಿನಲ್ಲೂ ಆಡಿಸಲಿಲ್ಲ, ದೆಹಲಿಯಲ್ಲೂ ಆಡಿಸಲಿಲ್ಲ. ಒಬ್ಬ ಹೊರಗೆ, ಒಬ್ಬ ಒಳಗಿದ್ದೂ ಹೊರಗೆ. ಭಾಯಿ ಒಬ್ಬರು ಮಾತ್ರ ಕಂಗಾಲು, ಎರಡೂ ಕಡೆ ಕುಲದೀಪನನ್ನು ಆಡಿಸಿಬಿಟ್ಟರು.

ಇದಾದ ತಿಂಗಳಿಗೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಕರುಣ್ ವಿದರ್ಭ ಬಿಟ್ಟು ಕರ್ನಾಟಕಕ್ಕೆ ಮರಳಿದ್ದ. ಅಕ್ಟೋಬರ್ 25ರಿಂದ ಗೋವಾದ ಮೇಲೆ ರಣಜಿ ಪಂದ್ಯ. ಎಲ್ಲಿ? ಶಿವಮೊಗ್ಗದ ನವುಲೆ ಮೈದಾನದಲ್ಲಿ. ಎಂಟು ವರ್ಷ ನಾವು ಯಾರಿಗಾಗಿ ಗಂಟಲು ಹರಿದುಕೊಂಡಿದ್ದೆವೋ ಅವನು ಸುಮಾರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ಬೆಳಗಿನ ಬಸ್ಸು ಹತ್ತಿದರೆ ಆಟಕ್ಕೆ ಮುಂಚೆ ತಲುಪುವಷ್ಟು ಹತ್ತಿರದಲ್ಲಿ ಬ್ಯಾಟು ಹಿಡಿದು ನಿಂತಿದ್ದ. ಎರಡನೇ ದಿನ, ಭಾನುವಾರ, ಅಜೇಯ 174.

ನಮ್ಮಲ್ಲಿ ಯಾರೂ ಹೋಗಲಿಲ್ಲ. ಸಾವ್ಕಾರ್ರಿಗೆ ಅಡಿಕೆ ಕೊಯ್ಲು. ಮೇಷ್ಟ್ರಿಗೆ ಮಂಡಿನೋವು. ಹುಡುಗ ಸ್ಕೋರು ಮೊಬೈಲಿನಲ್ಲೇ ಬರುತ್ತದಲ್ಲ ಅಂದ. ಆ ಭಾನುವಾರ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಗೋವಾದ ಮೇಲೆ ಹೊಡೆದ ರನ್ನು ಲೆಕ್ಕಕ್ಕಿದೆಯೋ ಇಲ್ಲವೋ ಎಂಬ ವಿಷಯಕ್ಕೆ ಎರಡು ಪಂಗಡವಾಗಿ ಜೋರು ನಡೆಯುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಒಬ್ಬ ಸೊರಬದ ಹುಡುಗ ಇಳಿದ. “ಇವ್ರು ನವುಲೆಯಿಂದ ಬರ್ತಿದಾರೆ. ಇಡೀ ದಿನ ಕೂತು ನೋಡಿದಾರೆ” ಎಂದು ಕಂಡಕ್ಟರ್ ಪರಿಚಯಿಸಿದರು. ಹುಡುಗ ಕಣ್ಣರಳಿಸಿಕೊಂಡು ಶುರುಮಾಡಿದ, “ಪಿಚ್ಚಿನಲ್ಲಿ ಬೆಳಿಗ್ಗೆ ಚೆಂಡು ಹೆಂಗೆ...”

“ಒಂದ್ ನಿಮಿಷ ಇರಪ್ಪ ತಮ್ಮಾ” ಎಂದು ಮೇಷ್ಟ್ರು ಕೈ ಎತ್ತಿ ತಡೆದರು. “ನೀನು ನೋಡ್ಕೊಂಡ್ ಬಂದಿದೀಯ. ಇಲ್ಲಿ ಚರ್ಚೆ ನಡೀತಿದೆ.”